ಪೊದೆ ಹೆಸರಲ್ಲಿ ಮರ ಹೋದೀತು, ಜೋಕೆ!

ಮೈಸೂರಿನ ರೇಸ್ ಕೋರ್ಸ್ ಓಟದ ದಾರಿಯ ನಡುವೆಯೇ ಗಾಲ್ಫ್ ಮೈದಾನ. ಒಳಗೆ ಆಡುವವರು ಕೆಲವರು, ಬೇಲಿಯಾಚೆ ಬಸ್ಸಿನಲ್ಲಿ ಹೋಗುವವರು ಸಾವಿರಾರು. ಇಂಥ ಜಾಗದಲ್ಲಿ ಗರಗಸದ ಸದ್ದು ಕೇಳಿದರೆ ಸಾಕು, 'ಮರ ಮಾರ್ಕೊಂಡ್ರು' ಅಂತ ಟೀ ಅಂಗಡಿಯಲ್ಲೇ ತೀರ್ಪು!

ತೀರ್ಪು ಪೂರಾ ಸರಿಯಲ್ಲ. ಪೊದೆ ಬೇರೆ, ಮರ ಬೇರೆ. ಲಂಟಾನ ಹೊರದೇಶದಿಂದ ಅಂದದ ಗಿಡವಾಗಿ ಬಂದು ಬೆಟ್ಟ, ಬೇಲಿ ಎಲ್ಲಾ ನುಂಗಿದ ಪೀಡೆ. ಬೇಸಿಗೆಯಲ್ಲಿ ಒಣಗಿತೋ, ಒಂದು ಬೀಡಿ ತುಂಡು ಸಾಕು. ಅದನ್ನು ಮೇಲಿಂದ ಮೇಲೆ ಸವರಿದರೆ ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ. ಹಣ್ಣಾಗುವ ಮೊದಲೇ ಬುಡಸಮೇತ ಕೀಳಬೇಕು. ಇಲ್ಲದಿದ್ದರೆ ಹಕ್ಕಿಗಳು ಬೀಜ ಹರಡುತ್ತವೆ, ಕೂಲಿ ದುಡ್ಡು ನೀರಲ್ಲಿ ಹೋಮ.

ಮರದ ಮೇಲೂ ಆಟಗಾರರಿಗೆ ಕಣ್ಣು. ನೆರಳಿದ್ದಲ್ಲಿ ಹುಲ್ಲು ಬಡವಾಗುತ್ತೆ ಎನ್ನುವುದು ಅವರ ವಾದ. ಸುಳ್ಳೇನಲ್ಲ. ಅಮೆರಿಕದ ಓಕ್‌ಮಾಂಟ್ ಕ್ಲಬ್ಬಿನಲ್ಲಿ 1990ರ ದಶಕದಲ್ಲಿ ಸದಸ್ಯರಿಗೂ ಸುಳಿವು ಸಿಗದಂತೆ ಕತ್ತಲಲ್ಲೇ ಮರ ಉರುಳಿಸಿ, ಬೆಳಕು ಹರಿಯುವಷ್ಟರಲ್ಲಿ ಗುರುತು ಅಳಿಸುತ್ತಿದ್ದರಂತೆ. ಕಡೆಗೆ ಸಾವಿರಾರು ಮರ ಹೋದವು. ದೊಡ್ಡವರ ಕಳ್ಳತನಕ್ಕೂ ಒಂದು ಶಿಸ್ತು ಇರುತ್ತೆ ನೋಡಿ!

ನಮ್ಮಲ್ಲಿ ಹಾಗೆ ಮಾಡುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಪ್ರಕಾರ ಸ್ವಂತ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಡಿದ ಮೇಲೆ ಬದಲಿ ಗಿಡ ನೆಡಬೇಕು. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಉಂಟು. ನೇರಳೆ, ಹೊಂಗೆ, ಬೇವಿಗೆ ಇಲ್ಲ. 'ಪೊದೆ ಸ್ವಚ್ಛತೆ' ಎಂಬ ಗುತ್ತಿಗೆಯಲ್ಲಿ ಒಂದು ಹೊಂಗೆ ಉರುಳಿದರೂ ಅದು ಸ್ವಚ್ಛತೆ ಅಲ್ಲ, ಅಪರಾಧ.

ಕಾಯಿದೆಯಲ್ಲಿ ಒಂದು ಕಿಂಡಿ ಇದೆ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಮಾತ್ರ ಜನರ ಆಕ್ಷೇಪಣೆ ಕೇಳಬೇಕು. 2025ರ ಏಪ್ರಿಲ್‌ನಲ್ಲಿ ಇದೇ ಊರಿನ ಹೈದರಾಲಿ ರಸ್ತೆಯಲ್ಲಿ ಅಗಲೀಕರಣಕ್ಕೆಂದು ಉರುಳಿದ್ದು 40 ಮರ. ಲೆಕ್ಕ ಎಷ್ಟು ಸಲೀಸು! ಬೆಳಗಾದರೆ ಬರೀ ಬುಡ. ಜನ ಬೀದಿಗಿಳಿದದ್ದು ಆಮೇಲೆ. ಅದು ನಡುರಸ್ತೆಯಾದ್ದರಿಂದ ಕಣ್ಣಿಗಾದರೂ ಬಿತ್ತು. ಕ್ಲಬ್ಬಿನ ಬೇಲಿಯೊಳಗಾದರೆ ನೋಡುವವರು ಯಾರು?

ಕ್ಲಬ್ಬು ಖಾಸಗಿ ಇರಬಹುದು, ಅನುಮತಿ ಕೊಡುವ ಕಚೇರಿ ಸರ್ಕಾರದ್ದು. ಎಷ್ಟು ಮರ, ಯಾವ ಜಾತಿ, ಬದಲಿಗೆ ಎಷ್ಟು ಗಿಡ ಎಂಬ ಕಾಗದ ಅಲ್ಲಿರುತ್ತದೆ. ಮಾಹಿತಿ ಹಕ್ಕಿನಲ್ಲಿ ಅದನ್ನು ಕೇಳಲು ಅರ್ಜಿ ಶುಲ್ಕ 10 ರೂಪಾಯಿ.