ಕ್ಯಾಂಪಿನ ಕುರ್ಚಿಗೆ ಗಡುವು ಯಾವಾಗ?



ಅಮೆರಿಕದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ 1932ರಿಂದ 1944ರವರೆಗೆ ನಾಲ್ಕು ಸಲ ಅಧ್ಯಕ್ಷ ಚುನಾವಣೆ ಗೆದ್ದರು. ಆಮೇಲೆ ಎಚ್ಚೆತ್ತ ಆ ದೇಶ 1951ರಲ್ಲಿ ಸಂವಿಧಾನಕ್ಕೆ 22ನೇ ತಿದ್ದುಪಡಿ ತಂದು, ಎರಡು ಸಲಕ್ಕಿಂತ ಹೆಚ್ಚು ಯಾರೂ ಆರಿಸಿಬರಬಾರದೆಂದು ಬಾಗಿಲು ಹಾಕಿತು. ಚೀನಾ 2018ರಲ್ಲಿ ಇದ್ದ ಬಾಗಿಲನ್ನೇ ಕಿತ್ತುಹಾಕಿತು. ನಮ್ಮ ಸಂವಿಧಾನದ 57ನೇ ವಿಧಿ ರಾಷ್ಟ್ರಪತಿಯ ಮರುಆಯ್ಕೆಗೆ ಮಿತಿಯನ್ನೇ ಹೇಳಿಲ್ಲ. ಆದರೂ 1952 ಮತ್ತು 1957ರಲ್ಲಿ ಗೆದ್ದ ರಾಜೇಂದ್ರ ಪ್ರಸಾದರ ನಂತರ ಯಾರೂ ಎರಡನೇ ಸಲ ಆರಿಸಿಬಂದಿಲ್ಲ.

ಅದೆಲ್ಲ ದೂರದ ಮಾತಾಯಿತು. ಖಾನಾಪುರ ರಸ್ತೆ ಹಿಡಿದು ನಮ್ಮ ಬೆಳಗಾವಿಯ ಕ್ಯಾಂಪಿಗೆ ಬನ್ನಿ. ಇಲ್ಲಿಯ ಅಧ್ಯಕ್ಷ ಯಾರು? ಆರಿಸಿದವರು ಯಾರು? ಇಳಿಸುವವರು ಯಾರು?

ದಂಡು ಮಂಡಳಿಗೆ, ಅಂದರೆ ಕಂಟೋನ್ಮೆಂಟ್ ಬೋರ್ಡಿಗೆ, 2006ರ ಕಾಯಿದೆ ಇದೆ. ಅದರ ಪ್ರಕಾರ ಸೇನಾ ಠಾಣೆಯ ಮುಖ್ಯಾಧಿಕಾರಿಯೇ ಅಧ್ಯಕ್ಷ. ವರ್ಗವಾದರೆ ಒಬ್ಬರು ಹೋಗುತ್ತಾರೆ, ಇನ್ನೊಬ್ಬರು ಬರುತ್ತಾರೆ. ಅವರ ಮೇಲೆ ನಮ್ಮ ದೂರಿಲ್ಲ. ದೇಶ ಕಾಯುವವರಿಗೆ ನಮ್ಮ ನಮಸ್ಕಾರವಿದೆ. ನಮ್ಮ ತಕರಾರು ಕುರ್ಚಿಯ ಮೇಲೆ. ಕೂತವರು ಬದಲಾಗುತ್ತಾರೆ, ಕುರ್ಚಿ ಮಾತ್ರ ಎಂದೂ ಮತದಾರನ ಮುಂದೆ ಬರುವುದಿಲ್ಲ!

ಜನರ ಪಾಲಿಗೆ ಇದ್ದದ್ದು ವಾರ್ಡಿನ ಸದಸ್ಯರು ಮತ್ತು ಅವರು ಆರಿಸುವ ಉಪಾಧ್ಯಕ್ಷರು. 2015ರಲ್ಲಿ ಗೆದ್ದ ಸದಸ್ಯರ ಐದು ವರ್ಷ 2020ಕ್ಕೆ ಮುಗಿಯಿತು. ಇನ್ನೊಂದು ವರ್ಷ ವಿಸ್ತರಣೆ ಸಿಕ್ಕಿತು. 2021ರಲ್ಲಿ ಅವರೂ ಮನೆಗೆ ಹೋದರು. ಉಳಿದದ್ದು ಮೂರೇ ಕುರ್ಚಿ: ಅಧ್ಯಕ್ಷರಾದ ಸೇನಾಧಿಕಾರಿ, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ಕೇಂದ್ರ ನೇಮಿಸುವ ಒಬ್ಬ ನಾಗರಿಕ.

ಕಾಯಿದೆಯ ಚಮತ್ಕಾರ ನೋಡಿ. ಜನ ಆರಿಸಿದವರಿಗೆ ಒಂದು ವರ್ಷಕ್ಕಿಂತ ಹೆಚ್ಚು ವಿಸ್ತರಣೆ ಇಲ್ಲ. ಜನ ಆರಿಸದ ಈ ಮಂಡಳಿಯನ್ನು ಮಾತ್ರ ಒಂದು ಸಲಕ್ಕೆ ಒಂದು ವರ್ಷದಂತೆ ಮತ್ತೆ ಮತ್ತೆ ವಿಸ್ತರಿಸಬಹುದು. ಮಿತಿ ಯಾರಿಗೆ ಬೇಕಿತ್ತು, ಯಾರಿಗೆ ಹಾಕಿದ್ದಾರೆ?

2023ರ ಫೆಬ್ರುವರಿಯಲ್ಲಿ ದೇಶದ 57 ದಂಡು ಪ್ರದೇಶಗಳಿಗೆ ಏಪ್ರಿಲ್ 30ರಂದು ಚುನಾವಣೆ ಎಂದು ಕೇಂದ್ರ ಪ್ರಕಟಿಸಿತು. ಮಾರ್ಚಿನಲ್ಲಿ ತಾನೇ ರದ್ದು ಮಾಡಿತು. ನಾಗರಿಕ ಪ್ರದೇಶಗಳನ್ನು ಪಾಲಿಕೆಗಳಿಗೆ ಸೇರಿಸುವ ಮಾತು ಎದ್ದಿತು. ಸೇರಿಸುವುದಾದರೆ ಸೇರಿಸಿ, ಬೇಡ ಅಂದವರಾರು? ಆದರೆ ಮದುವೆ ಮಾತುಕತೆ ನಡೆದಿದೆ ಎಂದು ಮಗಳಿಗೆ ಊಟ ನಿಲ್ಲಿಸುತ್ತಾರೆಯೇ?

ಸೇರಬೇಕೆನ್ನುವ ಪಾಲಿಕೆಯ ಕತೆಯೂ ಕೇಳಿ. ಅಲ್ಲಿ ಮಹಾಪೌರರ ಅವಧಿ ಒಂದೇ ವರ್ಷ. ಕಡತದ ಹಾದಿ ತಿಳಿಯುವಷ್ಟರಲ್ಲಿ ಬೀಳ್ಕೊಡುಗೆಯ ಹಾರ! ಹಳೆಯ ಪರಿಷತ್ತಿನ ಅವಧಿ 2019ರಲ್ಲಿ ಮುಗಿದ ಮೇಲೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಗೆದ್ದವರು ಮಹಾಪೌರರನ್ನು ಆರಿಸಿದ್ದು 2023ರ ಫೆಬ್ರುವರಿಯಲ್ಲಿ. ಅಲ್ಲಿಯವರೆಗೆ ಅಧಿಕಾರಿಗಳದೇ ದರ್ಬಾರು. ನಗರಸಭೆಗಳ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243-ಯು ವಿಧಿ ಸಾರಿ ಹೇಳುತ್ತದೆ. ಓದುವವರು ಬೇಕಲ್ಲ!

ಕ್ಯಾಂಪಿನ ಹುಡುಗನೊಬ್ಬನನ್ನು ನೆನೆಯಿರಿ. 2020ರಲ್ಲಿ ಅವನಿಗೆ ಹದಿನೆಂಟು ತುಂಬಿತು. 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ ಮತ ಹಾಕಿದ. ತನ್ನ ಓಣಿಯ ಗಟಾರ, ನಲ್ಲಿ, ಬೀದಿದೀಪದ ಬಗ್ಗೆ ಮಾತ್ರ ಅವನನ್ನು ಯಾರೂ ಕೇಳಲಿಲ್ಲ. ಮನೆ ತೆರಿಗೆ ಮಾತ್ರ ತಪ್ಪದೆ ಕೇಳಿದರು.

ಮಿತಿ ಎಂದರೆ ಒಬ್ಬ ಮನುಷ್ಯ ಎಷ್ಟು ವರ್ಷ ಕೂರಬೇಕೆಂಬ ಲೆಕ್ಕವಷ್ಟೇ ಅಲ್ಲ. ಇಂಥ ದಿನ ನಿನ್ನ ಬಾಗಿಲಿಗೆ ಬಂದು ಲೆಕ್ಕ ಕೊಡುತ್ತೇವೆ ಎಂಬ ಮಾತು ಅದು. ಆ ದಿನವನ್ನೇ ಮುಂದೂಡುವವನು ಮೂರನೇ ಸಲ ಗೆಲ್ಲುವ ಕಷ್ಟವನ್ನೂ ಪಡಬೇಕಿಲ್ಲ. ಚುನಾವಣೆಯೇ ಇಲ್ಲವಲ್ಲ!

ಆದ್ದರಿಂದ ನಮ್ಮ ಬೇಡಿಕೆ ಎರಡು. ಆರಿಸದ ಮಂಡಳಿಗೂ ಒಂದೇ ವಿಸ್ತರಣೆ ಎಂದು ಕಾಯಿದೆ ತಿದ್ದಿ. ಪಾಲಿಕೆಗೆ ಸೇರಿಸುವವರೆಗೂ ಕ್ಯಾಂಪಿನವರ ಮತದ ಹಕ್ಕು ತಡೆಯಬೇಡಿ.

ಗೆಳೆಯರೇ, ಅಮೆರಿಕದ ಅಧ್ಯಕ್ಷನ ಅವಧಿಯನ್ನು ಚಹಾದಂಗಡಿಯಲ್ಲಿ ಚರ್ಚಿಸುತ್ತೀರಿ. ಒಳ್ಳೆಯದೇ. ಎದ್ದು ಹೋಗುವ ಮೊದಲು ನಿಮ್ಮ ಓಣಿಯ ಸದಸ್ಯ ಯಾರೆಂದು ಪಕ್ಕದವನನ್ನು ಕೇಳಿ ನೋಡಿ. ಅವನು ತಡವರಿಸಿದರೆ, ಹೋರಾಟ ಅಲ್ಲಿಂದಲೇ ಶುರುವಾಗಲಿ.