ಲಯಕ್ಕೆ ಹೆಸರಿಲ್ಲವೇ?

ಜನಪ್ರಿಯ ಹಾಡೊಂದು ಕಾಲವನ್ನು ಗೆದ್ದು ನಿಲ್ಲುವುದು ಅದರ ಸಾಹಿತ್ಯದಿಂದ, ಇಲ್ಲವೇ ಧಾಟಿಯಿಂದ ಎಂಬುದು ನಮ್ಮೆಲ್ಲರ ಸಾಮಾನ್ಯ ತಿಳಿವಳಿಕೆ. ಅದನ್ನು ಸುಳ್ಳಾಗಿಸಿದ ಹಾಡೊಂದಿದೆ: ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ 1970ರಲ್ಲಿ ಹೊರತಂದ ‘ಫಂಕಿ ಡ್ರಮ್ಮರ್’. ಅದರಲ್ಲಿ ಕಾವ್ಯವೆನ್ನಬಹುದಾದ ಒಂದು ಸಾಲೂ ಇಲ್ಲ, ಗುನುಗಿಕೊಳ್ಳುವಂಥ ಧಾಟಿಯೂ ಇಲ್ಲ. ಆದರೂ ಆಧುನಿಕ ಸಂಗೀತದ ಇತಿಹಾಸದಲ್ಲಿ ಇದರಷ್ಟು ಮರುಬಳಕೆಯಾದ ಧ್ವನಿಮುದ್ರಣಗಳು ಬಹಳ ಕಡಿಮೆ. ಸಾವಿರಕ್ಕೂ ಮಿಕ್ಕಿದ ಹಾಡುಗಳು ಇದರ ತುಣುಕನ್ನು ಎತ್ತಿಕೊಂಡಿವೆ. ಎತ್ತಿಕೊಂಡದ್ದು ಪ್ರಸಿದ್ಧ ಗಾಯಕನ ಕಂಠವನ್ನಲ್ಲ, ಅವನ ಹಿಂದೆ ಕುಳಿತಿದ್ದ ಡ್ರಮ್ ವಾದಕನ ಸುಮಾರು ಇಪ್ಪತ್ತು ಸೆಕೆಂಡುಗಳ ನುಡಿಸಾಣಿಕೆಯನ್ನು. ಆ ವಾದಕನ ಹೆಸರು ಕ್ಲೈಡ್ ಸ್ಟಬಲ್‌ಫೀಲ್ಡ್.

ಹಾಡು ಮುದ್ರಣಗೊಂಡದ್ದು 1969ರ ನವೆಂಬರ್ 20ರಂದು, ಓಹಾಯೋ ರಾಜ್ಯದ ಸಿನ್ಸಿನಾಟಿ ನಗರದ ಕಿಂಗ್ ಸ್ಟುಡಿಯೋದಲ್ಲಿ. ‘ಫಂಕ್’ ಎಂಬ ಸಂಗೀತ ಪ್ರಕಾರ ರೂಪುಗೊಳ್ಳುತ್ತಿದ್ದ ವರ್ಷಗಳವು. ಅಲ್ಲಿಯವರೆಗಿನ ಕರಿಯರ ಜನಪ್ರಿಯ ಸಂಗೀತದಲ್ಲಿ ಎರಡನೆಯ ಮತ್ತು ನಾಲ್ಕನೆಯ ಪೆಟ್ಟುಗಳಿಗೆ ಒತ್ತು ಬೀಳುತ್ತಿತ್ತು. ಬ್ರೌನ್ ಒತ್ತನ್ನು ಮೊದಲನೆಯ ಪೆಟ್ಟಿಗೆ ತಂದರು. ನಮ್ಮ ತಾಳದ ಆವರ್ತದಲ್ಲಿ ಸಮಕ್ಕಿರುವ ಮಹತ್ವವನ್ನು ಬಲ್ಲವರಿಗೆ ಈ ಬದಲಾವಣೆಯ ಮರ್ಮ ಸುಲಭವಾಗಿ ತಿಳಿದೀತು. ಎಲ್ಲ ವಾದ್ಯಗಳೂ ಆ ಒಂದನೆಯ ಪೆಟ್ಟಿನಲ್ಲಿ ಕೂಡಿ, ಮತ್ತೆ ಬೇರೆಯಾಗಿ, ಮತ್ತೆ ಅಲ್ಲಿಗೇ ಬಂದು ಸೇರಬೇಕು. ಗಿಟಾರ್, ಸ್ಯಾಕ್ಸೋಫೋನ್, ಗಾಯಕನ ಉದ್ಗಾರ ಎಲ್ಲವೂ ಚರ್ಮವಾದ್ಯದಂತೆ ವರ್ತಿಸಬೇಕು. ಇಂಥ ಸಂಗೀತದಲ್ಲಿ ಡ್ರಮ್ ಹಾಡಿಗೆ ಆಸರೆಯಷ್ಟೇ ಅಲ್ಲ; ಅದೇ ಹಾಡು.

ಧ್ವನಿಮುದ್ರಣ ಐದು ನಿಮಿಷ ದಾಟಿದ ಮೇಲೆ ಬ್ರೌನ್ ಉಳಿದ ವಾದ್ಯಗಳನ್ನು ನಿಲ್ಲಿಸಿ ಡ್ರಮ್ ಒಂದನ್ನೇ ಮುಂದುವರಿಯಲು ಬಿಡುತ್ತಾರೆ. ತನಿ ಆವರ್ತನದಂತೆ ಕೈಚಳಕ ತೋರುವುದು ಬೇಡ, ಇದ್ದ ನಡೆಯನ್ನೇ ಕಾಯ್ದುಕೊಂಡು ಹೋಗು ಎಂಬುದು ಅವರ ಸೂಚನೆ. ಸ್ಟಬಲ್‌ಫೀಲ್ಡ್ ಹಾಗೆಯೇ ಮಾಡುತ್ತಾರೆ. ನಾನು ಸಂಗೀತಶಾಸ್ತ್ರ ಬಲ್ಲವನಲ್ಲ, ಶ್ರೋತೃ ಮಾತ್ರ. ಆದರೂ ಆ ಎಂಟು ಆವರ್ತಗಳನ್ನು ಎಷ್ಟು ಸಲ ಕೇಳಿದರೂ ದಣಿವಾಗದು. ಬಲಗೈ ಜೋಡಿ ತಟ್ಟೆಗಳ ಮೇಲೆ ಬಿಡುವಿಲ್ಲದೆ ಓಡುತ್ತಿರುತ್ತದೆ. ಎಡಗೈ ಗಟ್ಟಿ ಪೆಟ್ಟುಗಳ ನಡುವೆ ಕೇಳಿಯೂ ಕೇಳಿಸದಂಥ ಮೆಲುಪೆಟ್ಟುಗಳನ್ನು ತುಂಬುತ್ತದೆ. ಯಂತ್ರದಷ್ಟು ಖಚಿತವಾದರೂ ಯಂತ್ರಕ್ಕೆ ಇಲ್ಲದ ಉಸಿರಾಟ ಅದರಲ್ಲಿದೆ.

1943ರಲ್ಲಿ ಟೆನೆಸ್ಸಿ ರಾಜ್ಯದ ಚಾಟನೂಗದಲ್ಲಿ ಹುಟ್ಟಿದ ಸ್ಟಬಲ್‌ಫೀಲ್ಡ್ ಯಾವ ಗುರುವಿನ ಬಳಿಯೂ ಕಲಿತವರಲ್ಲ. ಬಾಲ್ಯದಲ್ಲಿ ಸುತ್ತಲಿನ ಕಾರ್ಖಾನೆಗಳ, ರೈಲುಗಳ ಸದ್ದಿನಿಂದ ಲಯವನ್ನು ಕಟ್ಟಿಕೊಂಡುದಾಗಿ ಅವರೇ ಹೇಳಿಕೊಂಡಿದ್ದರು. ವಿಪರ್ಯಾಸವೆಂದರೆ, ತನ್ನನ್ನು ಅಮರನಾಗಿಸಿದ ಈ ಹಾಡು ಅವರಿಗೆ ಅಷ್ಟೇನೂ ಮೆಚ್ಚಿಗೆಯದಾಗಿರಲಿಲ್ಲ.

ಆಗಿನ ಕೇಳುಗರೂ ಇದಕ್ಕೆ ವಿಶೇಷ ಮನ್ನಣೆಯನ್ನೇನೂ ಕೊಡಲಿಲ್ಲ. ಬಿಲ್‌ಬೋರ್ಡ್ ಪತ್ರಿಕೆಯ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 20ನೇ ಸ್ಥಾನ, ಸಾಮಾನ್ಯ ಪಟ್ಟಿಯಲ್ಲಿ 51; ಅಷ್ಟಕ್ಕೇ ಅದರ ಓಟ ಮುಗಿಯಿತು. ಅದಕ್ಕೆ ಮರುಜನ್ಮ ಬಂದದ್ದು 1986ರಲ್ಲಿ, ‘ಇನ್ ದ ಜಂಗಲ್ ಗ್ರೂವ್’ ಎಂಬ ಸಂಕಲನದಲ್ಲಿ ಪೂರ್ಣರೂಪ ಬೆಳಕಿಗೆ ಬಂದಾಗ. ಅದೇ ಹೊತ್ತಿಗೆ ‘ಸ್ಯಾಂಪ್ಲರ್’ ಎಂಬ ಯಂತ್ರಗಳು ಅಗ್ಗವಾಗತೊಡಗಿದ್ದವು. 1987ರಲ್ಲಿ ಮಾರುಕಟ್ಟೆಗೆ ಬಂದ ಎಸ್‌ಪಿ–1200 ಎಂಬ ಯಂತ್ರದ ನೆನಪಿನ ಶಕ್ತಿ ಒಟ್ಟು ಹತ್ತು ಸೆಕೆಂಡುಗಳಷ್ಟೇ. ಹಳೆಯ ಗ್ರಾಮಫೋನ್ ತಟ್ಟೆಯೊಂದರಿಂದ ಎರಡು ಸೆಕೆಂಡುಗಳ ಲಯವನ್ನು ಕತ್ತರಿಸಿ, ಸರಪಳಿಯಂತೆ ಸುತ್ತಿಸಿ, ಅದರ ಮೇಲೆ ಹೊಸ ಮಾತನ್ನು ಕೂಡಿಸಲು ಅಷ್ಟು ಸಾಕಾಗಿತ್ತು. ವಾದ್ಯ ಕೊಳ್ಳಲಾಗದ, ವಾದ್ಯಗಾರರನ್ನು ಕರೆಸಲಾಗದ ನ್ಯೂಯಾರ್ಕ್‌ನ ಬಡ ಬಡಾವಣೆಗಳ ಯುವಕರಿಗೆ ಈ ಡ್ರಮ್ ತುಣುಕು ಅಕ್ಷಯ ಪಾತ್ರೆಯಾಯಿತು. ಪಬ್ಲಿಕ್ ಎನಿಮಿ ತಂಡದ ‘ಫೈಟ್ ದ ಪವರ್’ (1989), ಎಲ್‌ಎಲ್ ಕೂಲ್ ಜೆ ಅವರ ‘ಮಾಮಾ ಸೆಡ್ ನಾಕ್ ಯು ಔಟ್’ (1990) ಇದರ ಮೇಲೆಯೇ ನಿಂತವು. ಐರ್ಲೆಂಡಿನ ಶಿನೇಡ್ ಓ’ಕಾನರ್, ಇಂಗ್ಲೆಂಡಿನ ಜಾರ್ಜ್ ಮೈಕೆಲ್ ಕೂಡ ಇದನ್ನು ಬಳಸಿಕೊಂಡರು. ಹೀಗೆ ಒಂದು ತಲೆಮಾರಿನ ಪ್ರತಿಭಟನೆಗೂ ಪ್ರಣಯಕ್ಕೂ ಒಬ್ಬನೇ ತಾಳ ಹಾಕಿದಂತಾಯಿತು.

ಹಾಡಿನ ಕರ್ತೃವೆಂದು ದಾಖಲಾದುದು ಜೇಮ್ಸ್ ಬ್ರೌನ್ ಒಬ್ಬರ ಹೆಸರು. ಸ್ಟಬಲ್‌ಫೀಲ್ಡ್ ಸಂಬಳದ ವಾದಕ. ಕೃತಿಸ್ವಾಮ್ಯದ ಕಾನೂನು ಸಾಹಿತ್ಯವನ್ನೂ ಸ್ವರಸಂಯೋಜನೆಯನ್ನೂ ಆಸ್ತಿಯೆಂದು ಬಗೆಯುತ್ತದೆ; ಲಯವನ್ನು ಮಾತ್ರ ಕೂಲಿಯೆಂದು ಕಾಣುತ್ತ ಬಂದಿದೆ. ಸ್ಯಾಂಪ್ಲಿಂಗ್‌ಗೆ ಅನುಮತಿ ಪಡೆದು ಹಣ ತೆರಬೇಕೆಂಬುದು 1991ರ ನ್ಯಾಯಾಲಯದ ತೀರ್ಪೊಂದರ ಬಳಿಕ ಅಮೆರಿಕದಲ್ಲಿ ಸ್ಥಿರವಾಯಿತಾದರೂ ಆ ಹಣ ಹೋಗುತ್ತಿದ್ದುದು ಹಾಡಿನ ಹಕ್ಕುದಾರರಿಗೆ. ನುಡಿಸಿದವನಿಗೆ ಅದರಲ್ಲಿ ಪಾಲಿರಲಿಲ್ಲ. ತನಗೆ ಹಣಕ್ಕಿಂತ ಹೆಸರು ಸಿಗದೇ ಹೋದುದೇ ನೋವು ಎಂಬರ್ಥದ ಮಾತನ್ನು ಸ್ಟಬಲ್‌ಫೀಲ್ಡ್ ಆಡಿದ್ದುಂಟು.

ಹಣದ ಅಗತ್ಯ ಅವರಿಗಿರಲಿಲ್ಲ ಎಂದಲ್ಲ. ಬ್ರೌನ್ ತಂಡವನ್ನು ಬಿಟ್ಟ ಮೇಲೆ ಅವರು ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದಲ್ಲಿ ನೆಲೆಸಿ, ಅಲ್ಲಿನ ಸಣ್ಣ ಸಭಾಂಗಣಗಳಲ್ಲಿ ನುಡಿಸುತ್ತ ದಶಕಗಳನ್ನು ಕಳೆದರು. ಮೂತ್ರಪಿಂಡದ ಕಾಯಿಲೆ ಬಂದಾಗ ನೆರವಾಗಲು ಊರಿನ ಸಂಗೀತಗಾರರು ಸಹಾಯಾರ್ಥ ಕಾರ್ಯಕ್ರಮ ನಡೆಸಬೇಕಾಯಿತು. ಅದಕ್ಕೂ ಮೊದಲು ಬಂದಿದ್ದ ಕ್ಯಾನ್ಸರ್‌ನ ಚಿಕಿತ್ಸೆಗೆ ಗಾಯಕ ಪ್ರಿನ್ಸ್ ಸದ್ದಿಲ್ಲದೆ ಸುಮಾರು 90,000 ಡಾಲರ್ ತೆತ್ತಿದ್ದರೆಂಬ ಸಂಗತಿ, ಪ್ರಿನ್ಸ್ 2016ರಲ್ಲಿ ತೀರಿಕೊಂಡ ನಂತರವಷ್ಟೇ ಹೊರಬಂತು. 2017ರ ಫೆಬ್ರುವರಿಯಲ್ಲಿ, 73ನೇ ವಯಸ್ಸಿನಲ್ಲಿ ಸ್ಟಬಲ್‌ಫೀಲ್ಡ್ ನಿಧನರಾದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಮರಣೋತ್ತರವಾಗಿ ಬಂತು. 2006ರಲ್ಲಿ ತೀರಿಕೊಂಡಿದ್ದ ಜೇಮ್ಸ್ ಬ್ರೌನ್ ಅವರ ಆಸ್ತಿ ಮತ್ತು ಹಾಡುಗಳ ಹಕ್ಕುಗಳು 2021ರಲ್ಲಿ ಮಾರಾಟವಾದದ್ದು ಸುಮಾರು 9 ಕೋಟಿ ಡಾಲರಿಗೆ ಎಂದು ವರದಿಯಾಗಿದೆ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟರೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಇದಕ್ಕೆ ಪ್ರತಿವಾದವೂ ಇದೆ. ಪ್ರತಿಯೊಂದು ಲಯಕ್ಕೂ ಒಡೆಯನನ್ನು ನೇಮಿಸಿದರೆ ಸಂಗೀತವೇ ಉಸಿರುಗಟ್ಟೀತು. ಆದಿತಾಳವನ್ನು ಯಾರಾದರೂ ನೋಂದಣಿ ಮಾಡಿಸಲಾದೀತೇ? ಸ್ಯಾಂಪ್ಲಿಂಗ್ ಇಲ್ಲದಿದ್ದರೆ ಈ ಹಾಡು ಮರೆತೇ ಹೋಗುತ್ತಿತ್ತಲ್ಲವೇ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಒಂದು ತಾಳದ ನಡೆ ಯಾರೊಬ್ಬರ ಸ್ವತ್ತೂ ಆಗಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಸ್ಯಾಂಪ್ಲರ್ ಕದ್ದೊಯ್ದದ್ದು ನಡೆಯನ್ನಲ್ಲ, ಒಬ್ಬ ನಿರ್ದಿಷ್ಟ ಮನುಷ್ಯ ಒಂದು ನಿರ್ದಿಷ್ಟ ದಿನ ಹಾಕಿದ ಪೆಟ್ಟುಗಳನ್ನು. ಅದೇ ನಡೆಯನ್ನು ಬೇರೆಯವರಿಂದ ನುಡಿಸಿಕೊಳ್ಳಬಹುದಿತ್ತು. ಆದರೂ ಸಾವಿರ ಮಂದಿ ಅವರ ಕೈಯ ಸದ್ದೇ ಬೇಕೆಂದರು. ಬೇಡಿಕೆ ಇದ್ದುದು ಆ ಕೈಗೆ ಎಂದಾದರೆ ಬೆಲೆಯೂ ಆ ಕೈಗೆ ಸಲ್ಲಬೇಡವೇ?

ಈ ಪ್ರಶ್ನೆ ದೂರದ ಅಮೆರಿಕದ್ದು ಮಾತ್ರವಲ್ಲ. 1981ರ ಹಿಂದಿ ಚಿತ್ರ ‘ಜ್ಯೋತಿ’ಯಲ್ಲಿ ಲತಾ ಮಂಗೇಶ್ಕರ್ ಹಾಡಿದ್ದ ಗೀತೆಯೊಂದರ ತುಣುಕು 2002ರಲ್ಲಿ ‘ಅಡಿಕ್ಟಿವ್’ ಎಂಬ ಅಮೆರಿಕನ್ ಹಾಡಿನಲ್ಲಿ ಅನುಮತಿಯಿಲ್ಲದೆ ಕಾಣಿಸಿಕೊಂಡಿತು. ಸಂಯೋಜಕ ಬಪ್ಪಿ ಲಾಹಿರಿ ಅವರ ಹೆಸರನ್ನು ನಮೂದಿಸದೆ ಧ್ವನಿಮುದ್ರಿಕೆ ಮಾರುವಂತಿಲ್ಲವೆಂದು ಲಾಸ್ ಏಂಜಲೀಸ್‌ನ ನ್ಯಾಯಾಲಯ 2003ರಲ್ಲಿ ಆದೇಶಿಸಿತು. ಸಂಯೋಜಕರ ಹೆಸರನ್ನಾದರೂ ನ್ಯಾಯಾಲಯ ಕೇಳಿತು. ಆ ಹಾಡಿಗೆ ತಾಳ ಹಿಡಿದವರನ್ನು ಯಾರೂ ಕೇಳಲಿಲ್ಲ.

ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ, ಪ್ರದರ್ಶಕರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿಯ ಹಕ್ಕನ್ನು ಒದಗಿಸಿತು. ಶ್ಲಾಘನೀಯ ಹೆಜ್ಜೆಯೇ ಸರಿ. ಆದರೆ ಅದೇ ತಿದ್ದುಪಡಿ ‘ಪ್ರದರ್ಶಕ’ ಎಂಬ ಪದದ ವ್ಯಾಖ್ಯೆಗೆ ಒಂದು ಷರತ್ತನ್ನೂ ಸೇರಿಸಿತು. ಚಲನಚಿತ್ರದಲ್ಲಿ ಯಾರ ಪಾತ್ರ ಪ್ರಾಸಂಗಿಕವೋ, ಉದ್ಯಮದ ವಾಡಿಕೆಯಂತೆ ಯಾರ ಹೆಸರು ಎಲ್ಲಿಯೂ ನಮೂದಾಗುವುದಿಲ್ಲವೋ ಅವರು ಪ್ರದರ್ಶಕರೇ ಅಲ್ಲ. ತಮ್ಮ ಕೆಲಸವನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕೊಂದನ್ನು ಮಾತ್ರ ಅವರಿಗೆ ಉಳಿಸಲಾಗಿದೆ. ಅಂದರೆ ಹೆಸರು ಹಾಕದಿರುವ ವಾಡಿಕೆಯೇ ಹಕ್ಕನ್ನು ನಿರಾಕರಿಸುವ ದಾರಿಯಾಗಬಹುದು. ಮದರಾಸಿನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗೀತೆಗಳಿಗೆ ತಬಲ, ಢೋಲಕ್, ಕೊಳಲು ನುಡಿಸಿದ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು? ಆ ಹಾಡುಗಳನ್ನು ಇಂದಿಗೂ ಮನೆಮನೆಯಲ್ಲಿ ಕೇಳುವ ನಾವು ಹಾಡಿದವರನ್ನು, ಬರೆದವರನ್ನು, ಸಂಗೀತ ನೀಡಿದವರನ್ನು ಸ್ಮರಿಸಿ ಅಲ್ಲಿಗೇ ನಿಲ್ಲಿಸುತ್ತೇವೆ.

ಮಾದರಿಗಾಗಿ ಹೊರಗೆಲ್ಲೂ ಹುಡುಕಬೇಕಿಲ್ಲ. ಆಕಾಶವಾಣಿ ಶಾಸ್ತ್ರೀಯ ಸಂಗೀತದ ಕಛೇರಿಯನ್ನು ಪ್ರಸಾರ ಮಾಡುವಾಗ ಗಾಯಕರ ಹೆಸರಿನ ಜೊತೆಗೇ ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು ಎಂಬುದನ್ನು ಹೇಳುತ್ತದೆ. ಪಕ್ಕವಾದ್ಯವೆಂದು ಕರೆದರೂ ಹೆಸರನ್ನು ಬದಿಗಿಡದ ಸೌಜನ್ಯವದು. ಚಿತ್ರಗೀತೆಗೂ, ಅಂತರಜಾಲದಲ್ಲಿ ಬಿಡುಗಡೆಯಾಗುವ ಪ್ರತಿಯೊಂದು ಹಾಡಿಗೂ ಇದೇ ನಿಯಮ ಅನ್ವಯಿಸಲಿ. ನುಡಿಸಿದವರೆಲ್ಲರ ಹೆಸರು ಕಡ್ಡಾಯವಾಗಿ ದಾಖಲಾಗಲಿ. ಕಾಯ್ದೆಯ ಆ ಷರತ್ತು ತೊಲಗಲಿ. ಹೆಸರು ದಾಖಲಾದರೆ ಹಣದ ಲೆಕ್ಕ ಕೇಳಲು ಒಂದು ಆಧಾರವಾದರೂ ಸಿಗುತ್ತದೆ. ಹಾಡಿನ ಶೀರ್ಷಿಕೆಯಲ್ಲಿಯೇ ‘ಡ್ರಮ್ಮರ್’ ಎಂದಿದ್ದರೂ ಆ ಡ್ರಮ್ಮರ್ ಯಾರೆಂದು ಕೇಳಲು ಜಗತ್ತಿಗೆ ದಶಕಗಳೇ ಬೇಕಾದವು. ನಮ್ಮವರ ವಿಷಯದಲ್ಲಿ ಅಷ್ಟು ಕಾಲ ಕಾಯುವುದು ಬೇಡ.