ಬಾಣಂತಿ ಸತ್ತರೆ ಹಣೆಬರಹವೇ?

ಕಬ್ಬಾಳಿನ ಕಬ್ಬಾಳಮ್ಮನ ಗುಡಿಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ಜನ ಬರುತ್ತಾರೆ. ಬಸುರಿಯ ಪರವಾಗಿ ಅವಳ ತಾಯಿಯೋ ಅತ್ತೆಯೋ "ಸುಸೂತ್ರವಾಗಿ ಹೆರಿಗೆಯಾಗಲಿ ತಾಯೀ" ಎಂದು ಹರಕೆ ಹೊರುತ್ತಾರೆ. ಹೊರಲಿ. ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಬಾಣಂತಿ ಸತ್ತ ಮೇಲೆ "ಅವಳ ಹಣೇಲಿ ಬರೆದಿತ್ತು, ಆಯಸ್ಸು ಅಷ್ಟೇ ಇತ್ತು" ಎಂದು ಕಡತ ಮುಚ್ಚುವವರೊಡನೆ ಮಾತ್ರ ನಮ್ಮ ಜಗಳ.

ಹಣೆಬರಹವೆಂಬುದು ರಾಜ್ಯದ ಗಡಿ ನೋಡಿ ಬದಲಾಗುತ್ತದೆಯೇ? ಸರ್ಕಾರದ್ದೇ ಲೆಕ್ಕ ತೆಗೆಯೋಣ. 2018–20ರ ಅವಧಿಯಲ್ಲಿ, ಜೀವಂತವಾಗಿ ಹುಟ್ಟಿದ ಪ್ರತಿ ಒಂದು ಲಕ್ಷ ಶಿಶುಗಳಿಗೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರು. ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ಬ್ರಹ್ಮನು ಕೇರಳದ ಹೆಂಗಸರ ಹಣೆಗೆ ಬೇರೆ ಲೇಖನಿ ಹಿಡಿದನೇ? ಇಲ್ಲ. ಅಲ್ಲಿ 2004ರಿಂದ ಹೆರಿಗೆ ವೈದ್ಯರೇ ಕೂತು ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಯಾರ ಹೆಸರನ್ನೂ ಎತ್ತಲಿಲ್ಲ; ಏನು ತಪ್ಪಿತೆಂಬುದನ್ನು ಕಂಡುಹಿಡಿದು ಉಳಿದ ಆಸ್ಪತ್ರೆಗಳಿಗೆ ಪಾಠ ಹೇಳಿದರು. ಸಾವನ್ನು ಓದಿದವರು ಸಾವನ್ನು ಇಳಿಸಿದರು.

ತಾಯಿ ಏತರಿಂದ ಸಾಯುತ್ತಾಳೆ? ಇದರಲ್ಲಿ ಗುಟ್ಟೇನೂ ಇಲ್ಲ. ಮೊದಲನೆಯದು ರಕ್ತಸ್ರಾವ. ಮಗು ಹೊರಬಂದ ಮೇಲೆ ಗರ್ಭಕೋಶ ಮುದುಡಿ ಗಟ್ಟಿಯಾಗಬೇಕು. ಆಗದಿದ್ದರೆ, ಅಥವಾ ಮಾಸು ಒಳಗೇ ಉಳಿದರೆ, ನೆತ್ತರು ಹರಿದು ಎರಡು ಗಂಟೆಯೊಳಗೆ ಪ್ರಾಣ ಹೋಗಬಹುದು. ಎರಡನೆಯದು ರಕ್ತದ ಒತ್ತಡ: ಮುಖ ಕೈಕಾಲು ಊದುವುದು, ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಕೊನೆಗೆ ಫಿಟ್ಸ್. ಮೂರನೆಯದು ನಂಜು. ಕೈ ತೊಳೆಸಿಯೇ ಬಾಣಂತಿಯರ ಸಾವನ್ನು ಇಳಿಸಬಹುದೆಂದು ಸೆಮ್ಮೆಲ್‌ವೈಸ್ ಎಂಬ ವೈದ್ಯ 1847ರಲ್ಲೇ ವಿಯೆನ್ನಾದ ಆಸ್ಪತ್ರೆಯಲ್ಲಿ ತೋರಿಸಿಕೊಟ್ಟ. ಎಳೆ ವಯಸ್ಸಿನ ಮದುವೆ, ಮೇಲಿಂದ ಮೇಲೆ ಬಸುರು, ಕದ್ದುಮುಚ್ಚಿ ಮಾಡಿಸುವ ಗರ್ಭಪಾತ, ಕಂಡುಹಿಡಿಯದ ಹೃದಯದ ಕಾಯಿಲೆ ಇವೂ ಕೊಲ್ಲುತ್ತವೆ. ಗರ್ಭಕೋಶ ಬಿಗಿಯಲು ಆಕ್ಸಿಟೋಸಿನ್ ಇದೆ. ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇದೆ. ಇವು ಚಿನ್ನದ ಬೆಲೆಯ ಮದ್ದುಗಳಲ್ಲ. ಆದರೆ ಆಕ್ಸಿಟೋಸಿನ್ ತಣ್ಣಗಿರಬೇಕು. ಫ್ರಿಜ್ ಕೆಟ್ಟಿರುವ ಆಸ್ಪತ್ರೆಯಲ್ಲಿ ಮದ್ದೂ ಕೆಡುತ್ತದೆ.

ಇನ್ನು ಬಡತನ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಉಂಡು ಗಟ್ಟಿಯಾಗಿರುವವಳು ತಡೆದುಕೊಳ್ಳುವಷ್ಟು ರಕ್ತಸ್ರಾವ ಇವಳನ್ನು ಕೊಲ್ಲುತ್ತದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿತೆಂದು ಭಾಷಣ ಮಾಡುತ್ತಾರೆ. ನಾಲ್ಕೈದು ಜನರ ಘಟಕದಲ್ಲಿ ಬಿಸಿನೀರಿಗೆ ಕೈಯದ್ದಿ ರೇಷ್ಮೆ ನೂಲು ತೆಗೆಯುವ ಹೆಂಗಸಿಗೆ ಆ ರಜೆ ಕೊಡುವವರು ಯಾರು? ಸಣ್ಣ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ದಿನ ತುಂಬುವವರೆಗೂ ನಿಲ್ಲುವ ಸೊಸೆಗೆ ಕೊಡುವವರು ಯಾರು?

"ಹಳ್ಳಿಯವರು ಅಜ್ಞಾನಿಗಳು, ಆಸ್ಪತ್ರೆಗೆ ಬರುವುದಿಲ್ಲ" ಎನ್ನುವ ದೊಡ್ಡ ಮನುಷ್ಯರು ಇನ್ನೂ ಇದ್ದಾರೆ. ಅದೇ ಸಮೀಕ್ಷೆಯನ್ನು ಅವರು ಓದಲಿ: ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಬನ್ನಿ ಎಂದಿರಿ, ಬಂದರು. ಬಂದವರಿಗೆ ಏನಾಯಿತು? 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಮಾಡಿಸಿಕೊಂಡ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಸತ್ತರು. ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆಯೇ ಸಂಶಯ ಬಂತು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು. ಆಮೇಲೆ ಸರ್ಕಾರವೇ ನಡೆಸಿದ ಪರಿಶೀಲನೆಯಲ್ಲಿ, 2024ರ ಏಪ್ರಿಲಿನಿಂದ ಡಿಸೆಂಬರಿನವರೆಗೆ ಸತ್ತ ತಾಯಂದಿರು 464 ಎಂದೂ, ಅವುಗಳಲ್ಲಿ ನೂರಕ್ಕೆ 70ಕ್ಕೂ ಮಿಕ್ಕ ಸಾವುಗಳನ್ನು ತಡೆಯಬಹುದಿತ್ತೆಂದೂ ಹೊರಬಿತ್ತು. ತಡೆಯಬಹುದಿತ್ತು! ಹೀಗೆಂದು ಸರ್ಕಾರವೇ ಒಪ್ಪಿಕೊಂಡ ಮೇಲೆ ಹಣೆಬರಹದ ಮಾತು ಯಾರ ಬಾಯಲ್ಲೂ ಬರಕೂಡದು.

ಕಬ್ಬಾಳಿನಂಥ ಊರಿನಲ್ಲಿ ನಡುರಾತ್ರಿ ನೋವು ಬಂದವಳನ್ನು ನೆನೆಯಿರಿ. ಸಾತನೂರು, ಅಲ್ಲಿಂದ ಕನಕಪುರ, ಅಲ್ಲೂ ಆಗದಿದ್ದರೆ ಬೆಂಗಳೂರು. ರಕ್ತವಿಲ್ಲ, ಅರಿವಳಿಕೆ ಕೊಡುವವರಿಲ್ಲ, "ಮುಂದಕ್ಕೆ ಕರಕೊಂಡು ಹೋಗಿ" ಎಂಬ ಒಂದು ಮಾತು ಸಾಕು, ಆ ಎರಡು ಗಂಟೆ ದಾರಿಯಲ್ಲೇ ಕರಗಿಹೋಗುತ್ತದೆ.

ಆದುದರಿಂದ ಕೇಳೋಣ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಹಗಲೂ ರಾತ್ರಿ ಹೆರಿಗೆ ವೈದ್ಯರು, ಅರಿವಳಿಕೆ ತಜ್ಞರು, ರಕ್ತ ಇರಬೇಕು. ಹೊಸ ಔಷಧದ ಪ್ರತಿ ಕಂತೂ ಪರೀಕ್ಷೆಯಾದ ಮೇಲೆಯೇ ವಾರ್ಡಿಗೆ ಬರಬೇಕು. ಪ್ರತಿ ತಾಯಿಯ ಸಾವಿಗೂ ಕಾರಣವೇನೆಂಬುದನ್ನು, ಹೆಸರು ಬಿಟ್ಟು, ಜಿಲ್ಲೆಯ ಜನರ ಮುಂದಿಡಬೇಕು.

ಕೇಳುವವರಿಗೂ ಕರ್ತವ್ಯವುಂಟು. ಮನೆಯ ಬಸುರಿಗೆ ತಲೆನೋವು, ಊತ, ರಕ್ತ ಕಂಡ ಕೂಡಲೇ ಹಿರಿಯರ ಅಪ್ಪಣೆಗೆ ಕಾಯದೆ 108ಕ್ಕೆ ಕರೆ ಮಾಡಿರಿ. ಕಾರ್ಖಾನೆಯ ಪ್ರತಿ ಪಾಳಿಯಲ್ಲೂ, ಪೇಟೆಯ ಪ್ರತಿ ಬೀದಿಯಲ್ಲೂ ರಕ್ತ ಕೊಡುವವರ ಪಟ್ಟಿ ಬರೆದಿಡಿರಿ. ಕೂಲಿಗಾಗಿ ಗೇಟಿನ ಮುಂದೆ ಕೂತವರಿಗೆ ಹೆರಿಗೆ ಆಸ್ಪತ್ರೆಯ ಮುಂದೆ ಕೂರುವುದು ಕಷ್ಟವಲ್ಲ.

ಹರಕೆ ತಾಯಿಗೆ ಸೇರಿದ್ದು. ರಕ್ತದ ಬಾಟಲಿ ಸರ್ಕಾರಕ್ಕೆ ಸೇರಿದ್ದು. ಒಂದನ್ನು ನಾವು ತಪ್ಪದೆ ತೀರಿಸುತ್ತಿದ್ದೇವೆ. ಇನ್ನೊಂದನ್ನು ಅವರಿಂದ ತೀರಿಸಿಕೊಳ್ಳೋಣ.